ಮೇಲಿನ ಮಗ

ಮತ್ತೆ ಆ ನೊಣ, ಇಷ್ಟು ಎತ್ತರಕ್ಕೆ ಇದು ಹೇಗೆ ಬಂತೋ, ರೆಕ್ಕೆ ಬಡಿದುಕೊಂಡು ತಾನೇ ಹಾರಿ ಬಂತೋ ಇಲ್ಲ ಅವನ ಊಟದ ಡಬ್ಬಿಗೆ ಅಂಟಿಕೊಂಡು ಪುಕ್ಕಟೆ ಸವಾರಿ ಮಾಡಿತೋ, ಕ್ಯಾಬಿನ್ನಿನ ಮುಂದಿನ ಗಾಜಿನ ಮೇಲೆ ಕೂತು ಮುಂಗಾಲು ಉಜ್ಜುತ್ತಿದೆ, ಪ್ರಾರ್ಥನೆಗೆ ಕೂತವರ ಹಾಗೆ, ಅಂದುಕೊಂಡು ಅವನಿಗೇ ನಗು ಬಂತು, ಬಂದ ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ನೊಣದ ಕಾಲುಗಳಾಚೆ, ಕ್ರೇನಿನ ಉದ್ದ ತೋಳಿನಾಚೆ, ಅಷ್ಟು ಕೆಳಗೆ ಅಂಗಳದಲ್ಲಿ ಕೊಕ್ಕೆಗೆ ಸಿಕ್ಕಿಸುತ್ತಿರುವುದು ಭಾರ ಎತ್ತುವ ಹಳದಿ ಪಟ್ಟಿ. ಹಳದಿ. ಬೆಳಗಿನಿಂದ ಸರಪಳಿಯಲ್ಲೇ ಕೆಲಸ ಸಾಗಿತ್ತು, ಕಬ್ಬಿಣದ ಕಟ್ಟುಗಳು, ಹಲಗೆಗಳು, ಸಿಮೆಂಟು ತುಂಬಿದ ತೊಟ್ಟಿ, ಎಲ್ಲಕ್ಕೂ ಸರಪಳಿ ಸಾಕು, ಗಾಜಿಗೆ ಮಾತ್ರ ಆಗುವುದಿಲ್ಲ, ಗಾಜಿಗೆ ಮೆತ್ತನೆಯ ಪಟ್ಟಿಯೇ ಬೇಕು, ಗಾಜು ಇವತ್ತೇ ಬರುತ್ತದೆಂದು ಅವನಿಗೇನು ಕನಸು ಬಿದ್ದಿತ್ತೇ, ಯಾರೂ ಹೇಳಿರಲಿಲ್ಲ, ಹೇಳಬೇಕಾದವನು ಕೊಕ್ಕರೆ, ಕೊಕ್ಕರೆ ಹೇಳುವುದಿಲ್ಲ, ಕೊಕ್ಕರೆಯೂ ಅವನೂ ಮಾತು ಬಿಟ್ಟಿದ್ದಾರೆ. ಕೊಕ್ಕರೆ ಅಂದರೆ ಕೆಳಗೆ ನಿಂತು ಭಾರ ಕಟ್ಟಿ, ಸನ್ನೆ ಮಾಡಿ, ವೈರ್‌ಲೆಸ್ಸಿನಲ್ಲಿ ದಾರಿ ಹೇಳುವವನು, ಉದ್ದ ಕಾಲಿನವನು, ಬಿಡುವಿದ್ದಾಗ ಒಂದು ಕಾಲನ್ನು ಮಡಿಚಿ ಗೋಡೆಗೆ ಆನಿಸಿ ಒಂಟಿ ಕಾಲಲ್ಲಿ ನಿಲ್ಲುವವನು, ಆ ಹೆಸರಿಟ್ಟವನು ಇವನೇ, ಹಳೆಯ ಸಲಿಗೆಯ ದಿನಗಳಲ್ಲಿ, ಈಗ ಆ ಸಲಿಗೆಯಿಲ್ಲ, ಹೆಸರು ಮಾತ್ರ ಉಳಿದಿದೆ, ಅದೂ ಬಾಯಲ್ಲಿ ಅಲ್ಲ, ಮನಸ್ಸಿನಲ್ಲಿ. ಬಾಯಲ್ಲಿ ಉಳಿದದ್ದು ಕೆಲಸದ ಮಾತುಗಳು, ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ, ನಿಲ್ಲಿಸು, ಅದರ ಆಚೆ ಒಂದು ಕೆಮ್ಮು ಕೂಡ ಇಲ್ಲ.

ಬೆಳಿಗ್ಗೆ ಅವನು ಕಂಡದ್ದು ಇಷ್ಟೇ. ಶೆಡ್ಡಿನ ಮುಂದೆ ಹಲಗೆಯ ಮೇಲೆ ಹಳದಿ ಪಟ್ಟಿಗಳು ಒಂದರ ಮೇಲೊಂದು ಬಿದ್ದಿದ್ದವು, ಮೇಲಿನದರ ಅಂಚಿನಲ್ಲಿ, ಕುಣಿಕೆಯ ಹತ್ತಿರ, ಹೊಲಿಗೆ ಬಿಚ್ಚಿ ನೂಲು ಹೊರಗೆ ಬಂದಿತ್ತು, ಬೆಕ್ಕಿನ ಮೀಸೆಯ ಹಾಗೆ, ಅದರ ಪಕ್ಕದಲ್ಲೇ ಬೆರಳಗಲದ ಸೀಳು. ಕಂಡಿತು. ಕಾಣಲಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳಬಹುದು, ತನ್ನ ಮುಂದೆ ಹೇಳಲಾಗದು, ಕಂಡಿತು, ಕಾಲು ಒಂದು ಕ್ಷಣ ತಡೆಯಿತು ಕೂಡ, ಲೋ, ಆ ಪಟ್ಟಿ ನೋಡೋ, ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ಕೊಕ್ಕರೆ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮುಖಕ್ಕೆ ನೀರು ಹೊಡೆದುಕೊಳ್ಳುತ್ತಿದ್ದ, ಬೆನ್ನು ಇತ್ತ, ಆದರೂ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದ, ತಿರುಗಿ ನೋಡದೆ ಎಲ್ಲರಿಗೂ ಕೇಳುವ ಹಾಗೆ ದಾರಿ ಬಿಡ್ರಪ್ಪ ದಾರಿ ಬಿಡಿ, ಪಾದ್ರಿಗಳು ಸ್ವರ್ಗಕ್ಕೆ ಹೊರಟ್ರು, ಅಲ್ಲಿ ನಮಗೂ ಒಂದು ಸೀಟು ಹಿಡಿದಿಡಿ ಸ್ವಾಮಿ, ಅಂದ. ಸುತ್ತ ಇದ್ದವರು ನಕ್ಕರು. ನಾಲಿಗೆಯ ತುದಿಯ ಮಾತು ಹಿಂದಕ್ಕೆ ಉರುಳಿತು, ಗಂಟಲಿಗೆ, ಅಲ್ಲಿಂದ ಹೊಟ್ಟೆಗೆ. ನೋಡಿಕೊಳ್ಳುವುದು ಅವನ ಕೆಲಸ, ಅವನಿಗೆ ಕಣ್ಣಿಲ್ಲವೇ, ಸಂಬಳ ತಗೊಳ್ಳುವುದಿಲ್ಲವೇ, ನೋಡಿಕೊಳ್ಳಲಿ, ಎಂದು ಏಣಿ ಹಿಡಿದ, ಒಂದೊಂದು ಮೆಟ್ಟಿಲಿಗೂ ಒಂದೊಂದು ಸಮರ್ಥನೆ ಸಿಕ್ಕಿತು, ಅರ್ಧ ಏಣಿ ಹತ್ತುವಷ್ಟರಲ್ಲಿ ತಾನು ಸರಿ ಅನ್ನುವುದು ಗಟ್ಟಿಯಾಗಿತ್ತು, ಮೇಲೆ ಮುಟ್ಟಿದಾಗ ಏದುಸಿರು ಬಿಡುತ್ತಲೇ ನಿಂದಿಸುವವನಿಗಾಗಿ ಪ್ರಾರ್ಥನೆಯನ್ನೂ ಮಾಡಿದ, ಕರ್ತನೇ, ಇವನ ಮನಸ್ಸನ್ನು ತಿದ್ದು, ಅಂದಾಗ ಎದೆಯಲ್ಲಿ ಒಂದು ಹಿತವಾದ ಬಿಸಿ, ತಾನೆಷ್ಟು ಒಳ್ಳೆಯವನು ಅನ್ನುವ ಬಿಸಿ, ಪಟ್ಟಿಯ ವಿಷಯ ಆ ಬಿಸಿಯಲ್ಲಿ ಕರಗಿಯೇ ಹೋಯಿತು. ಕರಗಲಿಲ್ಲ, ಈಗ ನೋಡು, ಕೆಳಗೆ ತೂಗುತ್ತಿದೆ.

ಎತ್ತು, ಅಂದಿತು ವೈರ್‌ಲೆಸ್ಸು. ಅದೇ ಪಟ್ಟಿ ಇರಲಿಕ್ಕಿಲ್ಲ, ರಾಶಿಯಲ್ಲಿ ಬೇಕಾದಷ್ಟು ಇದ್ದವು, ಇಷ್ಟು ಮೇಲಿನಿಂದ ಯಾವುದು ಯಾವುದೆಂದು ಹೇಗೆ ಹೇಳುವುದು, ಇಲ್ಲಿಂದ ಮನುಷ್ಯರೇ ಬೆಂಕಿಕಡ್ಡಿಯ ಹಾಗೆ ಕಾಣುತ್ತಾರೆ, ಅವನು ನೋಡಿರುತ್ತಾನೆ, ಹರಿದದ್ದನ್ನು ಎಸೆದಿರುತ್ತಾನೆ, ಕೊಕ್ಕರೆ ಕೆಲಸದಲ್ಲಿ ಕಳ್ಳನಲ್ಲ, ಅದನ್ನು ಶತ್ರುವೂ ಒಪ್ಪಬೇಕು, ಶತ್ರು ಅಂದರೆ ಯಾರು, ತಾನೇ ಅಲ್ಲವೇ. ಎತ್ತು, ಮತ್ತೆ ಅಂದಿತು, ಈ ಸಲ ಗಡುಸಾಗಿ. ಕೈ ಅಭ್ಯಾಸದಿಂದ ಹಿಡಿಯನ್ನು ಹಿಂದಕ್ಕೆ ಎಳೆಯಿತು, ಗಾಜಿನ ಪೆಟ್ಟಿಗೆ ನೆಲ ಬಿಟ್ಟಿತು, ಬಾಗಿಲಿನಷ್ಟು ಅಗಲದ ದಪ್ಪ ಗಾಜುಗಳು, ಮರದ ಚೌಕಟ್ಟಿನಲ್ಲಿ ಒಂದಕ್ಕೊಂದು ಆತು ನಿಂತಿರುವಂಥವು, ಬಿಸಿಲು ಬಿದ್ದು ಒಮ್ಮೆ ಫಳ್ ಎಂದಿತು, ಕಣ್ಣು ಮುಚ್ಚಿ ತೆರೆದ. ಈ ವಾರ ಯಾರ ಜೊತೆ ಮಾತು ಬಿಟ್ಟಿದ್ದೀಯ. ಇದು ದರ್ಜಿ ಮಾಮನ ಪ್ರಶ್ನೆ, ಹೆಂಡತಿಯ ಸೋದರಮಾವ, ಬಟ್ಟೆ ಹೊಲಿಯುವವರು, ಅವನನ್ನು ಚರ್ಚಿನ ಸಭೆಗೆ ಕರೆದುಕೊಂಡು ಹೋದವರೂ ಅವರೇ, ಕುಡಿದು ಕೈಯೆತ್ತುತ್ತಿದ್ದ ಒಬ್ಬ ಮನುಷ್ಯನನ್ನು ಮನುಷ್ಯನ ಹಾಗೆ ಮಾಡಿದವರೂ ಅವರೇ ಎನ್ನಬೇಕು. ಶಿಷ್ಯನಾಗುವುದು ಹೇಗೆಂದು ಕಲಿಸಿ ಮಾಮ, ಎಂದು ಇವನು ಹೊಸ ಹುರುಪಿನಲ್ಲಿ ಹೋಗಿ ಕೂತರೆ ಅವರು ವಾರಕ್ಕೊಮ್ಮೆ ಸಂಜೆ ಅಂಗಡಿಯಲ್ಲಿ ಕೂರಿಸಿಕೊಂಡು ಟೀ ಕೊಡುತ್ತಾರೆ, ಒಂದೇ ಪ್ರಶ್ನೆ ಕೇಳುತ್ತಾರೆ, ಎಷ್ಟು ಓದಿದೆ ಎಂದಲ್ಲ, ಎಷ್ಟು ಹೊತ್ತು ಪ್ರಾರ್ಥಿಸಿದೆ ಎಂದಲ್ಲ, ಈ ವಾರ ಯಾರ ಜೊತೆ ಮಾತು ಬಿಟ್ಟಿದ್ದೀಯ. ಮೊದಲ ಸಲ ಯಾರೂ ಇಲ್ಲ ಮಾಮ ಅಂದದ್ದಕ್ಕೆ ಕನ್ನಡಕದ ಮೇಲಿನಿಂದ ನೋಡಿ ಯಾರೂ ಇಲ್ವಾ, ಹಾಗಾದ್ರೆ ನೀನು ಕೆಲಸ ಮಾಡೋದು ದೇವದೂತರ ಜೊತೆಗಾ, ಅಂದಿದ್ದರು. ಕಳೆದ ವಾರ ಹೇಳಿದ, ಹೇಳಲೇಬೇಕಾಯಿತು, ಜೊತೆಗೆ ಕೆಲಸ ಮಾಡುವವನೊಬ್ಬ ಎಲ್ಲರೆದುರು ನನ್ನ ಪ್ರಾರ್ಥನೆಯನ್ನು ಅಣಕಿಸಿದ ಮಾಮ, ಕರ್ತನ ನಿಮಿತ್ತ ಬಂದ ನಿಂದೆ ಅಂತ ಸಹಿಸಿಕೊಂಡಿದ್ದೇನೆ, ಮಾತು ಬಿಟ್ಟಿದ್ದೇನೆ. ಇದನ್ನೇ ಸಭೆಯಲ್ಲಿ ತನ್ನ ನಂಬಿಕೆಯ ಸಾಕ್ಷಿಯಾಗಿ ಹೇಳಿದಾಗ ಎಲ್ಲರೂ ಆಮೆನ್ ಅಂದಿದ್ದರು, ಮಾಮ ಅನ್ನಲಿಲ್ಲ, ಸೂಜಿಯ ನೂಲನ್ನು ಹಲ್ಲಿನಿಂದ ಕಡಿದು, ಅವನು ಅಣಕಿಸಿದ್ದು ನಿನ್ನ ದೇವರನ್ನೋ ನಿನ್ನನ್ನೋ, ಸ್ವಲ್ಪ ಯೋಚನೆ ಮಾಡು, ಅಂದರು. ಯೋಚನೆ ಮಾಡಲಿಲ್ಲ, ಸಿಟ್ಟು ಬಂತು, ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದ.

ಬಲಕ್ಕೆ, ಬಲಕ್ಕೆ, ಅನ್ನುತ್ತಿದೆ ಕೊಕ್ಕರೆಯ ದನಿ, ಭಾವವಿಲ್ಲದ ದನಿ, ರೇಡಿಯೋದಲ್ಲಿ ಯಾರೋ ಹವಾಮಾನ ಓದುವ ಹಾಗೆ, ತೋಳು ತಿರುಗುತ್ತಿದೆ, ಪೆಟ್ಟಿಗೆ ಕಟ್ಟಡದ ಮೇಲಕ್ಕೆ ಬರುತ್ತಿದೆ, ಅಲ್ಲಿ ತಾರಸಿಯ ಮೇಲೆ ಕಾಂಕ್ರೀಟಿನವರು ಬಗ್ಗಿ ಕೆಲಸ ಮಾಡುತ್ತಿದ್ದಾರೆ, ಹಳದಿ ಟೋಪಿಗಳು, ಒಂದು ಕೆಂಪು, ಕೆಂಪು ಟೋಪಿ ಇಂಜಿನಿಯರಮ್ಮನದು, ಗಾಳಿ ಎದ್ದಿತು. ಎದ್ದದ್ದು ಮೊದಲು ಬೆನ್ನಿಗೆ ಗೊತ್ತಾಯಿತು, ಕುರ್ಚಿ ಒಂದಿಷ್ಟು ತೂಗಿತು, ಆಮೇಲೆ ಪೆಟ್ಟಿಗೆ ತಿರುಗತೊಡಗಿತು, ಮೊದಲು ಸಣ್ಣಗೆ, ಆಮೇಲೆ ಅಗಲ ಗಾಜು ಗಾಳಿಗೆ ಎದೆಯೊಡ್ಡಿದಂತೆ ಒಂದು ಬದಿಗೆ ವಾಲಿತು, ಹಿಡಿ ಬಿಟ್ಟ, ತೋಳು ನಿಂತಿತು, ಪೆಟ್ಟಿಗೆ ತೂಗುತ್ತಾ ನಿಂತಿತು, ಸರಿಯಾಗಿ ಆ ಟೋಪಿಗಳ ಮೇಲೆ. ಒಂದು ಬದಿಯ ಪಟ್ಟಿ ಇನ್ನೊಂದಕ್ಕಿಂತ ಉದ್ದವಾಗಿದೆಯೇ, ಇಲ್ಲ, ಕಣ್ಣಿನ ಭ್ರಮೆ, ಭ್ರಮೆಯೇ, ಯಾಕೆ ನಿಲ್ಸ್ದೆ, ಅಂದಿತು ವೈರ್‌ಲೆಸ್ಸು, ಅವನು ಬೆಚ್ಚಿದ, ಯಾಕೆಂದರೆ ಇದು ಕೆಲಸದ ಮಾತಲ್ಲ, ಪ್ರಶ್ನೆ, ಮಾತು ಬಿಟ್ಟ ಮೇಲೆ ಕೊಕ್ಕರೆ ಕೇಳಿದ ಮೊದಲ ಪ್ರಶ್ನೆ. ಯಾಕೆ ನಿಲ್ಲಿಸಿದೆ. ಗಾಳಿ ಎನ್ನಬಹುದು. ಗಾಳಿ ಎಂದರೆ ಮುಗಿಯಿತು, ಯಾರೂ ತಪ್ಪು ಹೇಳುವುದಿಲ್ಲ, ಗಾಳಿ ತಗ್ಗಿದ ಮೇಲೆ ಮುಂದೆ ಸಾಗಿಸಬಹುದು, ಮೆಲ್ಲಗೆ, ಈ ತಲೆಗಳ ಮೇಲಿಂದಲೇ, ಪಟ್ಟಿ ತಡೆದರೆ ತಡೆಯಿತು, ತಡೆಯದಿದ್ದರೆ ಕಟ್ಟಿದವನು ಅವನು, ಹೆಸರು ಅವನದೇ ಬರುತ್ತದೆ — ಈ ಯೋಚನೆ ಎಲ್ಲಿಂದ ಬಂತು, ಇದು ತನ್ನದೇ, ತನ್ನ ತಲೆಯದೇ. ಕಟ್ಟಿದವನು ಅವನು. ಬೆಳಿಗ್ಗೆಯಿಂದಲೂ ಇದೇ ಒಳಗೆ ಕೂತಿತ್ತೇ, ಹಾಗಾದರೆ ಏಣಿಯ ಮೇಲಿನ ಆ ಪ್ರಾರ್ಥನೆ, ಆ ಬಿಸಿ. ಕರ್ತನೇ, ನಾನು ಬಿಜಿ ಇದ್ದೀನಿ, ನೀನೇ ಹೋಗಿ ಮಣ್ಣು ಹಾಕಿ ಬಂದ್ಬಿಡು — ಅಂದಿದ್ದ ಕೊಕ್ಕರೆ, ಊಟದ ಶೆಡ್ಡಿನಲ್ಲಿ, ಇವನು ಡಬ್ಬಿಯ ಮುಂದೆ ಕಣ್ಣು ಮುಚ್ಚಿದ್ದಾಗ, ಎದ್ದು ನಿಂತು, ಎರಡೂ ಉದ್ದ ಕೈಗಳನ್ನು ಮೇಲೆತ್ತಿ, ಇವನದೇ ದನಿಯಲ್ಲಿ, ಎಲ್ಲರೂ ನಕ್ಕಿದ್ದರು, ಇವನ ಕಿವಿ ನಗುವನ್ನಷ್ಟೇ ಕೇಳಿತ್ತು, ಎತ್ತಿದ ಕೈಗಳನ್ನಷ್ಟೇ ಕಂಡಿತ್ತು ಕಣ್ಣು, ಮಾತು ಕಿವಿಗೆ ಬಿದ್ದಿರಲೇ ಇಲ್ಲ, ಈಗ ಬೀಳುತ್ತಿದೆ, ಈ ಎತ್ತರದಲ್ಲಿ, ಗಾಳಿಯ ನಡುವೆ, ಮಣ್ಣು ಹಾಕಿ ಬಂದ್ಬಿಡು. ಕೊಕ್ಕರೆಯ ಅಮ್ಮನ ಮಣ್ಣಿಗೆ ಇವನು ಹೋಗಿರಲಿಲ್ಲ.

ಹೋಗಿರಲಿಲ್ಲ, ಯಾಕೆಂದರೆ ಅವತ್ತು ಸಭೆಯ ಕೂಟ, ಅವನು ಸಾಕ್ಷಿ ಹೇಳಬೇಕಿತ್ತು, ಸಭಾಪಾಲಕರು ಇವನ ಹೆಸರು ಸಾರಿ ಆಗಿತ್ತು, ನಿಮ್ಮ ಜೊತೆ ಪ್ರಾರ್ಥನೆಯಲ್ಲಿದ್ದೇವೆ ಎಂದು ಫೋನಿನಲ್ಲಿ ಒಂದು ಸಾಲು ಕಳಿಸಿದ, ಹೆಂಡತಿ ಬಾಗಿಲಲ್ಲಿ ನಿಂತು ನಿನ್ನ ಸಾಕ್ಷಿಗೆ ಇನ್ನೊಂದು ದಿನ ಸಿಗತ್ತೆ, ಆಯಮ್ಮನ ಮಣ್ಣಿಗೆ ಸಿಗಲ್ಲ, ಹೋಗಿ ಬಾ, ಅಂದಳು, ದೇವರ ಕೆಲಸ ಮೊದಲು ಅಂದ ಇವನು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿ ವೇದಿಕೆ ಹತ್ತಿದ, ನೆರೆಯವರನ್ನು ಪ್ರೀತಿಸುವುದರ ಬಗ್ಗೆ ಮಾತಾಡಿದ, ಚೆನ್ನಾಗಿಯೇ ಮಾತಾಡಿದ, ಯಾರೋ ಕಣ್ಣೊರೆಸಿಕೊಂಡರು ಕೂಡ. ಆಯಮ್ಮ. ಮದುವೆಗೆ ಮುಂಚೆ ಅವನು ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ, ಜ್ವರ ಬಂದು ಮಲಗಿದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಾ ರಾತ್ರಿಯೆಲ್ಲ ಕೂತಿದ್ದವಳು, ಕ್ರೇನಿನ ಕೆಲಸ ಸಿಕ್ಕ ಮೇಲೆ ಇವನಿಗೆ ಮೇಲಿನ ಮಗ, ಸ್ವಂತ ಮಗನಿಗೆ ಕೆಳಗಿನ ಮಗ ಎಂದು ಹೆಸರಿಟ್ಟಳು, ಮೇಲಿನ ಮಗ ಉಂಡ್ನಾ ಕೇಳೋ, ಎಂದು ಫೋನು ಮಾಡಿ ಕೊಕ್ಕರೆಯನ್ನು ಕಾಡುತ್ತಿದ್ದಳು, ನಿನ್ನ ಹೊಟ್ಟೆ ಚಿಂತೆ ಇದೆ, ನನ್ನದು ಕೇಳೋರಿಲ್ಲ ನೋಡು, ಎಂದು ಅವನು ವೈರ್‌ಲೆಸ್ಸಿನಲ್ಲಿ ಗೊಣಗುತ್ತಿದ್ದ. ಒಮ್ಮೆ ಕೆಲಸದ ಜಾಗಕ್ಕೇ ಬಂದಿದ್ದಳು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ ಕೈಬೀಸಿದಳು, ಬೀಸಿದ್ದು ಪಕ್ಕದ ಕಟ್ಟಡದವರ ಕ್ರೇನಿಗೆ, ಅದರಲ್ಲಿದ್ದ ಪುಣ್ಯಾತ್ಮ ಯಾರೋ ಪಾಪ ತಿರುಗಿ ಕೈಬೀಸಿದ, ಅದನ್ನು ನೆನೆನೆನೆದು ಇಬ್ಬರೂ ಎಷ್ಟು ನಕ್ಕಿದ್ದರು, ಹೊಟ್ಟೆ ಹಿಡಿದುಕೊಂಡು, ಕೊಕ್ಕರೆ ಒಂಟಿ ಕಾಲ ಮೇಲೆ ನಿಂತು ನಕ್ಕು ನಕ್ಕು ಮುಗ್ಗರಿಸಿ ಬಿದ್ದಿದ್ದ. ಅಂಥವಳ ಮಣ್ಣಿಗೆ ಫೋನಿನಲ್ಲಿ ಒಂದು ಸಾಲು. ಅವನು ಅಣಕಿಸಿದ್ದು ದೇವರನ್ನಲ್ಲ. ಅಣಕವೇ ಅಲ್ಲ ಅದು, ಅಳು, ಎಲ್ಲರೆದುರು ಅಳಲಾರದೆ ನಗಿಸಿದ, ಅಷ್ಟೇ, ತಾನೋ ಅದನ್ನು ಎತ್ತಿಕೊಂಡು ಹೋಗಿ ಸಭೆಯಲ್ಲಿ ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡ.

ಲೋ, ಕಿವಿ ಕೇಳ್ಸತ್ತಾ, ಯಾಕೆ ನಿಲ್ಸ್ದೆ, ಅಂದಿತು ವೈರ್‌ಲೆಸ್ಸು, ಪೆಟ್ಟಿಗೆ ಮತ್ತೊಂದು ಸುತ್ತು ತಿರುಗಿತು, ಈಗ ಅನುಮಾನವಿಲ್ಲ, ಒಂದು ಬದಿ ತಗ್ಗಿದೆ, ವೈರ್‌ಲೆಸ್ಸಿನ ಗುಂಡಿ ಒತ್ತಿದ, ಪಟ್ಟಿ ಹರಿದಿದೆ, ಅಂದ. ಏನು. ಪಟ್ಟಿ ಹರಿದಿದೆ ಕಣೋ, ಕುಣಿಕೆ ಹತ್ರ ಸೀಳಿದೆ, ಜನಾನ ತೆಗೆಸು, ತಾರಸಿ ಮೇಲಿನ ಜನಾನ ಮೊದ್ಲು ತೆಗೆಸು. ಅಲ್ಲಿಂದ ನಿನಗೆ ಹೇಗೋ ಕಾಣ್ಸತ್ತೆ, ಯಾರು ಹೇಳಿದ್ರು, ನಿನ್ನ ದೇವರು ಬಂದು ಹೇಳಿದ್ನಾ. ಇಲ್ಲಿಂದ ಕಾಣಿಸಲ್ಲ, ಬೆಳಿಗ್ಗೆ ನೋಡಿದ್ದೆ, ಅಂದ, ಗುಂಡಿ ಬಿಟ್ಟ, ವೈರ್‌ಲೆಸ್ಸು ಸುಮ್ಮನಾಯಿತು, ಬರೀ ಗುಯ್ ಅನ್ನುವ ಸದ್ದು, ಆ ಸದ್ದಿನ ಉದ್ದಕ್ಕೂ ಅವನಿಗೆ ಗೊತ್ತಾಯಿತು ಕೊಕ್ಕರೆ ಕೇಳಿಸಿಕೊಂಡ, ಬೆಳಿಗ್ಗೆ ಅನ್ನುವ ಪದವನ್ನು ಕೇಳಿಸಿಕೊಂಡ, ಅದನ್ನು ಬಾಯಲ್ಲಿ ಇಟ್ಟುಕೊಂಡು ಉಗುಳಲೂ ಆಗದೆ ನುಂಗಲೂ ಆಗದೆ ನಿಂತಿದ್ದಾನೆ, ಈಗ ಬೈಯುತ್ತಾನೆ, ಬೈಯಲಿ, ಅಮ್ಮ ಅಕ್ಕ ಸೇರಿಸಿ ಬೈಯಲಿ — ಬೈಯಲಿಲ್ಲ, ಕೂಗಿದ, ವೈರ್‌ಲೆಸ್ಸಿನಲ್ಲಲ್ಲ, ಬಾಯಿಗೆ ಕೈ ಅಡ್ಡ ಇಟ್ಟು ತಾರಸಿಯತ್ತ, ಇಲ್ಲಿಗೆ ಕೇಳಿಸದ ಕೂಗು, ಆದರೆ ಟೋಪಿಗಳು ಚದುರಿದವು, ಕಾಳಿನ ಮೇಲಿನ ಹಕ್ಕಿಗಳ ಹಾಗೆ, ಕೆಂಪು ಟೋಪಿ ಕೊನೆಗೆ ಓಡಿತು, ತಾರಸಿ ಖಾಲಿಯಾಯಿತು, ಹಸಿ ಕಾಂಕ್ರೀಟು ಮಾತ್ರ ಬೂದು ಬೂದಾಗಿ ಉಳಿಯಿತು. ಕೇಳು, ಅಂದಿತು ವೈರ್‌ಲೆಸ್ಸು ಏದುಸಿರಿನಲ್ಲಿ, ಅಂಗಳಕ್ಕೆ ವಾಪಸ್ ತರ್ಬೇಡ, ಅಲ್ಲಿ ಲಾರಿ ಇದೆ, ಜನ ತುಂಬ್ಕೊಂಡಿದ್ದಾರೆ, ಹಾಗೇ ಮುಂದೆ ತಗೊಂಡ್ ಹೋಗು, ಹಿಂದುಗಡೆ ಮರಳು ಹಾಕಿದೆಯಲ್ಲ, ಅದರ ಮೇಲೆ ಇಳಿಸು, ಅಲ್ಲಿ ಯಾರೂ ಇಲ್ಲ. ಹಿಂಭಾಗ ನನಗೆ ಕಾಣಿಸಲ್ಲ, ಅಂದ ಇವನು, ಕಟ್ಟಡ ಅಡ್ಡ. ಗೊತ್ತು, ನಾನು ಹೋಗ್ತಿದ್ದೀನಿ, ನಾನು ಹೇಳ್ದಂಗೆ ಮಾಡು. ಬೆಂಕಿಕಡ್ಡಿಯಂಥ ಮನುಷ್ಯ ಅಂಗಳದಲ್ಲಿ ಓಡುತ್ತಿರುವುದು ಕಂಡಿತು, ಉದ್ದ ಕಾಲಿನ ಓಟ, ಕಟ್ಟಡದ ಮೂಲೆಯಲ್ಲಿ ತಿರುಗಿದ, ಮರೆಯಾದ.

ಈಗ ದನಿಯಷ್ಟೇ. ಬಾ, ಬಾ, ಮೆಲ್ಲಗೆ, ಇನ್ನೂ ಮೆಲ್ಲಗೆ, ಮೊದಲ ಸಲ ನಡೆಯುವ ಮಗುವನ್ನು ಕರೆಯುವ ಹಾಗೆ, ಪೆಟ್ಟಿಗೆ ತಾರಸಿ ದಾಟಿತು, ಕಟ್ಟಡದ ಅಂಚಿನಾಚೆ ಇಳಿಯಿತು, ಕಣ್ಣಿಗೆ ತಂತಿ ಮಾತ್ರ, ಕೆಳಗೆ ಏನಿದೆಯೋ ಕಾಣದು, ಮೈಯೆಲ್ಲ ಕಿವಿಯಾಯಿತು. ಒಂದು ನಿಮಿಷ ಇರು, ದನಿ ಸರಿಯಾಗಿ ಬರ್ತಿಲ್ಲ, ಅಂದಿತು ವೈರ್‌ಲೆಸ್ಸು, ಕೈಗವಸು ತೆಗೀತೀನಿ, ಗುಂಡಿ ಒತ್ತಕ್ಕಾಗ್ತಿಲ್ಲ, ಹಾಂ, ಈಗ ಇಳಿಸು. ನೀನು ಎಲ್ಲಿ ನಿಂತಿದ್ದೀಯ. ಇಲ್ಲೇ. ಇಲ್ಲೇ ಅಂದ್ರೆ, ಎಷ್ಟು ಹತ್ರ, ದೂರ ಹೋಗು. ನಾನು ದೂರ ಹೋದ್ರೆ ನಿನಗೆ ಯಾರೋ ಹೇಳ್ತಾರೆ, ನಿನ್ನ ಮಾಮಾನಾ, ಇಳಿಸು, ಬಾಯ್ಮುಚ್ಕೊಂಡ್ ಇಳಿಸು. ಇಳಿಸಿದ. ಹಿಡಿಯನ್ನು ಕೂದಲೆಳೆಯಷ್ಟು ಮುಂದಕ್ಕೆ, ಮತ್ತೆ ಕೂದಲೆಳೆಯಷ್ಟು, ಕರ್ತನೇ ಎಂದ, ಮುಂದಿನ ಪದ ಸಿಗಲಿಲ್ಲ, ಬೆಳಿಗ್ಗೆ ಎಷ್ಟೊಂದು ಪದಗಳಿದ್ದವು, ಈಗ ಒಂದೂ ಇಲ್ಲ, ಕರ್ತನೇ, ಅವನು, ಅವನು, ಅಷ್ಟೇ, ಇಳಿಸು, ಇಳಿಸು, ಇನ್ನು ಸ್ವಲ್ಪ, ಆಳೆತ್ತರ ಇದೆ, ಬಾ, ಮೇಲಿನ ಮಗ ಬಾ — ಅಂದನೇ, ಹಾಗಂದನೇ ಇಲ್ಲ ಗಾಳಿ ಅಂದಿತೇ — ತಂತಿ ಒಮ್ಮೆಲೇ ಮೇಲಕ್ಕೆ ಚಿಮ್ಮಿತು, ಕ್ಯಾಬಿನ್ನು ಎಗರಿತು, ತಲೆ ಹಿಂದಕ್ಕೆ ಬಡಿಯಿತು, ಆಮೇಲೆ ಸದ್ದು, ಕಟ್ಟಡವನ್ನು ಸುತ್ತಿ ಬಂದ ಸದ್ದು, ಗಾಜು ಒಡೆಯುವ ಸದ್ದಲ್ಲ, ಇಡೀ ಆಕಾಶ ಒಂದು ಪಾತ್ರೆಯಾಗಿ ಕೈಜಾರಿದ ಸದ್ದು, ಅದು ಮುಗಿದ ಮೇಲೂ ಚೂರುಗಳು ಒಂದೊಂದಾಗಿ ಬೀಳುತ್ತಲೇ ಇದ್ದವು, ಕಿಣಿ, ಕಿಣಿ. ಗುಂಡಿ ಒತ್ತಿದ. ಕೊಕ್ಕರೆ, ಅಂದ. ಗುಯ್ ಅನ್ನುವ ಸದ್ದು. ಲೋ ಕೊಕ್ಕರೆ, ಮಾತಾಡೋ, ಏನಾದ್ರೂ ಮಾತಾಡೋ, ಪಾದ್ರಿ ಅನ್ನೋ. ಗುಯ್.

ಏಣಿ. ಕಾಲಿಗೆ ಮೆಟ್ಟಿಲು ಸಿಗುತ್ತಿಲ್ಲ, ಕೈ ಜಾರುತ್ತಿದೆ, ಇಷ್ಟು ವರ್ಷ ಹತ್ತಿ ಇಳಿದ ಏಣಿ ಇಷ್ಟು ಉದ್ದ ಇತ್ತೇ, ಸತ್ತಿದ್ದರೆ, ಸತ್ತಿದ್ದರೆ ಇವನ ಮಣ್ಣಿಗೆ ಹೋಗುತ್ತೇನೆಯೇ, ಯಾವ ಮುಖ ಹೊತ್ತು, ಯಾವ ಅಂಗಿ ತೊಟ್ಟು, ಏಣಿಯ ಅರ್ಧದಲ್ಲಿ ಕಟ್ಟಡದ ಹಿಂಭಾಗ ಒಂದು ಸಂದಿನಲ್ಲಿ ಕಂಡಿತು, ಮರಳು ಕಾಣುತ್ತಿಲ್ಲ, ಹೊಳಪು ಕಾಣುತ್ತಿದೆ, ಬಿಸಿಲನ್ನು ಪುಡಿ ಮಾಡಿ ಚೆಲ್ಲಿದ ಹಾಗೆ, ಅದರ ನಡುವೆ ಒಂದು ಕಿತ್ತಳೆ ಬಣ್ಣದ ಚುಕ್ಕೆ, ಕೈ, ಕೈಯಿದ್ದ ಹಾಗೆ, ಕೊಕ್ಕರೆಯ ಕೈಗವಸು ಕಿತ್ತಳೆ ಬಣ್ಣದ್ದು, ಕೈ ಕಾಣುತ್ತಿದೆ, ಮನುಷ್ಯ ಕಾಣುತ್ತಿಲ್ಲ, ಇಲ್ಲ, ತೆಗೆದಿದ್ದ, ಕೈಗವಸು ತೆಗೀತೀನಿ ಅಂದಿದ್ದನಲ್ಲ, ತೆಗೆದು ಎಲ್ಲಿಟ್ಟ, ಪಕ್ಕದಲ್ಲಿ ಇಟ್ಟಿರುತ್ತಾನೆ, ಹಾಗಾದರೆ ಅವನು ನಿಂತದ್ದು ಅಲ್ಲೇ, ಅಷ್ಟು ಹತ್ತಿರ. ನೆಲ ಸಿಕ್ಕಿತು. ಓಡಿದ. ಓಡುವಾಗ ಜನ, ಯಾರೋ ಹೆಗಲು ಹಿಡಿದರು, ಕೊಡವಿಕೊಂಡ, ಮೂಲೆ ತಿರುಗಿದ, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾನೆ ಕೊಕ್ಕರೆ, ಕೂತಿದ್ದಾನೆ, ಮುಖದ ಮೇಲೆ ಬಿಳಿ ಪುಡಿ, ಹುಬ್ಬಿನ ಹತ್ತಿರ ರಕ್ತ, ಮಡಿಲಲ್ಲಿ ವೈರ್‌ಲೆಸ್ಸು ಎರಡು ಹೋಳಾಗಿ, ಕಣ್ಣು ಮಿಟುಕಿಸಿದ. ಇವನು ಅಲ್ಲೇ ಎದುರಿಗೆ ಕೂತ.

ಯಾರು ಕಟ್ಟಿದ್ದು ಇದನ್ನ, ಎಂದು ಇಂಜಿನಿಯರಮ್ಮ ಬಂದರು, ಕೆಂಪು ಟೋಪಿ ಕೈಯಲ್ಲಿದೆ, ತನ್ನ ತಲೆಯ ಮೇಲೆ ಏನು ತೂಗುತ್ತಿತ್ತೆಂದು ಈಗಷ್ಟೇ ತಿಳಿದ ಹೆಂಗಸು, ಯಾರು ಪಟ್ಟಿ ನೋಡ್ಕೊಂಡಿದ್ದು, ಹೇಳಿ. ಕೊಕ್ಕರೆ ಗೋಡೆ ಬಿಡದೆ, ನಾನೇ ಮೇಡಂ, ನಾನೇ ಕಟ್ಟಿದ್ದು, ಸೀಳಿದ ಕಡೆ ಕೆಳಗೆ ಮಡಚಿತ್ತು, ಕಾಣಲಿಲ್ಲ, ನೋಡ್ಬೇಕಿತ್ತು, ತಪ್ಪು ನಂದು, ಅಂದ. ಮುಗಿಯಿತು, ಅವನೇ ಒಪ್ಪಿಕೊಂಡ, ಬೆಳಗಿನ ಮಾತನ್ನು ಅವನು ಹೇಳಲಿಲ್ಲ, ವೈರ್‌ಲೆಸ್ಸಿನಲ್ಲಿ ಕೇಳಿದ್ದು ಅವನೊಬ್ಬನೇ, ಅದೂ ಹೋಳಾಗಿ ಬಿದ್ದಿದೆ, ಸುಮ್ಮನಿದ್ದರೆ ಸಾಕು, ಮನೆಯಲ್ಲಿ ಹೆಂಡತಿ, ಈ ಕೆಲಸ ಹೋದರೆ ಇನ್ನೊಂದು ಕ್ರೇನು ಯಾರು ಕೊಡುತ್ತಾರೆ, ಸುಮ್ಮನಿರುವುದು ಎಷ್ಟು ಸುಲಭ, ಬೆಳಿಗ್ಗೆಯೂ ಇಷ್ಟೇ ಸುಲಭವಾಗಿತ್ತು. ನಾನು ನೋಡಿದ್ದೆ ಮೇಡಂ, ಅಂದ. ಏನು ನೋಡಿದ್ರಿ. ಬೆಳಿಗ್ಗೆ ಹತ್ತೋಕೆ ಮುಂಚೆ, ಪಟ್ಟಿ ಸೀಳಿರೋದು ನೋಡಿದ್ದೆ, ಹೇಳಲಿಲ್ಲ. ನೋಡಿ, ನೋಡಿಯೂ ಹೇಳಲಿಲ್ವಾ, ಯಾಕೆ. ಸುತ್ತ ಜನ ಸೇರಿದ್ದಾರೆ, ಕಾಂಕ್ರೀಟಿನವರು, ಲಾರಿಯವನು, ಬೆಳಿಗ್ಗೆ ನಲ್ಲಿಯ ಹತ್ತಿರ ನಕ್ಕವರು, ಎಲ್ಲರ ಮುಖವೂ ಇವನತ್ತ, ಸಭೆಯಲ್ಲೂ ಹೀಗೇ ನೋಡುತ್ತಾರೆ, ಆದರೆ ಇಲ್ಲಿ ಆಮೆನ್ ಅನ್ನುವವರಿಲ್ಲ. ನಾವಿಬ್ರೂ ಮಾತು ಬಿಟ್ಟಿದ್ವಿ, ಅಂದ. ಎಷ್ಟು ಸಣ್ಣ ಮಾತು, ಶಾಲೆಯ ಮಕ್ಕಳ ಮಾತು, ಯಾರೋ ಥೂ ಎಂದರು, ಇಂಜಿನಿಯರಮ್ಮ ಒಂದು ಕ್ಷಣ ಅರ್ಥವಾಗದವರ ಹಾಗೆ ನೋಡಿದರು, ಆಮೇಲೆ ಅರ್ಥವಾಯಿತು, ಮುಖ ಬಿಗಿಯಿತು, ಇನ್ಮೇಲೆ ನೀವು ಮೇಲೆ ಹತ್ತೋದು ಬೇಡ, ಆಫೀಸಿಗೆ ಬನ್ನಿ, ಇಬ್ರೂ ಬನ್ನಿ, ಮೊದ್ಲು ಅವರ ತಲೆಗೆ ಏನಾದ್ರೂ ಕಟ್ಟಿ, ಎಂದು ಹೊರಟುಹೋದರು.

ಜನ ಚದುರಿದರು. ಅವನು ಕರವಸ್ತ್ರ ತೆಗೆದು ಕೊಕ್ಕರೆಯ ಹುಬ್ಬಿಗೆ ಒತ್ತಿದ, ಕೊಕ್ಕರೆ ತಲೆ ಕೊಡವಲಿಲ್ಲ, ಕಣ್ಣು ಮಾತ್ರ ಬೇರೆ ಕಡೆ, ರಕ್ತ ಬಟ್ಟೆಯನ್ನು ಮೆಲ್ಲಗೆ ನೆನೆಸುತ್ತಿದೆ, ಒದ್ದೆ ಬಟ್ಟೆ, ಹಣೆ, ಬೆರಳ ಕೆಳಗೆ ಅವನ ನಾಡಿ ಹೊಡೆದುಕೊಳ್ಳುತ್ತಿದೆ. ನಾನು ಬರ್ಬೇಕಿತ್ತು ಕಣೋ, ಅಂದ, ಅಮ್ಮನ ಮಣ್ಣಿಗೆ. ಕೊಕ್ಕರೆ ಗಾಜಿನತ್ತಲೇ ನೋಡುತ್ತಾ, ಅಮ್ಮನ ಚಟ್ಟಕ್ಕೆ ಹೆಗಲು ಕೊಡೋಕೆ ಒಬ್ರು ಕಡಿಮೆ ಬಿದ್ರು, ಅಂದ, ದಾರೀಲಿ ಹೋಗೋ ಯಾರನ್ನೋ ಕರ್ದೆ. ಅಷ್ಟೇ. ಬೈಗುಳವಲ್ಲ, ಕ್ಷಮೆಯೂ ಅಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದ. ಇವನು ಕೈ ತೆಗೆಯಲಿಲ್ಲ, ತೆಗೆದರೆ ರಕ್ತ ಬರುತ್ತದೆ, ತೆಗೆಯದಿದ್ದರೆ ಈ ಮಾತಿನ ಇಷ್ಟು ಹತ್ತಿರ ಕೂರಬೇಕು, ಕೂತ. ನನ್ನ ಕೈಗವಸು ಅಲ್ಲೆಲ್ಲೋ ಇದೆ, ತಂದ್ಕೊಡು, ಅಂದ ಕೊಕ್ಕರೆ, ಕರವಸ್ತ್ರವನ್ನು ತನ್ನ ಕೈಯಿಂದ ಹಿಡಿದುಕೊಂಡು. ಬೇಡಿದನೇ, ಆಜ್ಞೆ ಮಾಡಿದನೇ, ಏನಾದರಾಗಲಿ, ಕೇಳಿದನಲ್ಲ, ಎತ್ತು ಇಳಿಸು ಅಲ್ಲದ ಒಂದು ಮಾತು, ಅವನು ಎದ್ದ, ಗಾಜಿನ ಮೇಲೆ ಕಾಲಿಟ್ಟ, ಪ್ರತಿ ಹೆಜ್ಜೆಗೂ ಬೂಟಿನಡಿಯಲ್ಲಿ ಕರಕ್ ಕರಕ್, ಬಿಸಿಲು ಕಣ್ಣಿಗೆ ಚುಚ್ಚುತ್ತಿದೆ, ನಡುವೆ ಆ ಕಿತ್ತಳೆ ಬಣ್ಣ, ಅಂಗಾತ ಬಿದ್ದಿದೆ, ಐದೂ ಬೆರಳು ಮೇಲಕ್ಕೆ, ಒಳಗೆ ಕೈಯಿಲ್ಲ, ಆದರೂ ಕೈಯ ಆಕಾರ ಹಾಗೇ ಇದೆ, ಎಷ್ಟೋ ವರ್ಷ ಒಬ್ಬನೇ ತೊಟ್ಟದ್ದು, ಬಗ್ಗಿದ, ಎತ್ತಿಕೊಳ್ಳಬೇಕು, ಎತ್ತಿಕೊಂಡು ಹೋಗಿ ಕೊಡಬೇಕು, ಆಮೇಲೆ ಆಫೀಸಿಗೆ ಹೋಗಬೇಕು, ಆಮೇಲೆ ಹೆಂಡತಿಗೆ ಹೇಳಬೇಕು, ಆಮೇಲೆ — ಕೈ ಚಾಚಿದ್ದು ಅಲ್ಲೇ ನಿಂತಿತು, ಚೂಪಾದ ಉದ್ದನೆಯ ಒಂದು ಚೂರು ಕೈಗವಸನ್ನು ಹಾದು ಮರಳಿನಲ್ಲಿ ನೆಟ್ಟಗೆ ನಿಂತಿದೆ, ತೆಗೆಯದೆ ಇದ್ದಿದ್ದರೆ, ಗುಂಡಿ ಒತ್ತಲು ಅವನು ತೆಗೆಯದೆ ಇದ್ದಿದ್ದರೆ, ಕೀಳಬೇಕು, ಕಿತ್ತು ಕೊಡಬೇಕು, ಕೈ ಮುಂದೆ ಹೋಗುತ್ತಿಲ್ಲ, ಬೆರಳುಗಳು ಮೇಲಕ್ಕೆ, ಅಂಗೈ ತೆರೆದಿದೆ, ಅಂಗೈಯ ನಟ್ಟನಡುವೆ ಗಾಜು, ಶಿಲುಬೆಯ ಮೊಳೆಯ ಹಾಗೆ, ಅಂಗೈ, ಅಂಗೈಯ ನಡುವೆ, ನಡುವೆ